ಏರುವಾಗ ಬೆವರು, ಕೂತಾಗ ಚಳಿ

ಡಿಸೆಂಬರ್ ತಿಂಗಳ ಭಾನುವಾರ ಇನ್ನೂ ಬೆಳಕು ಹರಿದಿರುವುದಿಲ್ಲ. ಶಿವಮೊಗ್ಗ ಬಸ್ ನಿಲ್ದಾಣದ ಚಹಾದಂಗಡಿ ಮುಂದೆ ಬೆನ್ನುಚೀಲ ಹೊತ್ತ ಹುಡುಗರ ಗುಂಪು. ಎಲ್ಲರ ಮೈಮೇಲೂ ದಪ್ಪ ಜರ್ಕಿನ್, ಕತ್ತಿನತನಕ ಎಳೆದ ಜಿಪ್ಪು, ಕಿವಿ ಮುಚ್ಚುವ ಮಂಕಿ ಕ್ಯಾಪ್. ಕೊಡಚಾದ್ರಿಗೆ ಹೊರಟವರು. ಏರು ಶುರುವಾಗಿ ಅರ್ಧ ಗಂಟೆಯಾಗುವುದರೊಳಗೆ ಜಿಪ್ಪು ಕೆಳಗಿಳಿಯುತ್ತದೆ. ಇನ್ನೂ ಸ್ವಲ್ಪ ಹೊತ್ತಿಗೆ ಜರ್ಕಿನ್ ಸೊಂಟ ಸುತ್ತಿಕೊಳ್ಳುತ್ತದೆ. ಒಳಗಿನ ಹತ್ತಿಯ ಟೀ ಶರ್ಟು ಹಿಂಡಿದರೆ ನೀರು.

ಸರ್ವಜ್ಞ ಪೀಠದ ಹತ್ತಿರ ತಲುಪಿ ಉಸ್ಸಪ್ಪಾ ಎಂದು ಕೂರುವಷ್ಟರಲ್ಲಿ ಗಾಳಿ ಬೀಸುತ್ತದೆ. ಹಲ್ಲು ಕಟಕಟ. ಜರ್ಕಿನ್ ಮತ್ತೆ ಏರಿಸಿದರೂ ನಡುಕ ನಿಲ್ಲುವುದಿಲ್ಲ. ಅಷ್ಟು ದಪ್ಪ ಬಟ್ಟೆ ತಂದೂ ಚಳಿ ಬಿಡಲಿಲ್ಲವಲ್ಲ ಎಂದು ಮುಂದಿನ ಸಲಕ್ಕೆ ಇನ್ನೂ ದಪ್ಪದ ಜರ್ಕಿನ್ ಹುಡುಕುವವರೇ ಹೆಚ್ಚು. ಬೆಟ್ಟದ ಚಳಿಗೆ ಬಟ್ಟೆ ಆರಿಸುವಾಗ ನಮ್ಮ ಕಡೆ ಆಗುವ ಎಡವಟ್ಟು ಇದೇ.

ಕೋವಿ ಹೋಯಿತು, ಕಾಯುವುದು ಉಳಿಯಿತು

ಬೆಟ್ಟದಲ್ಲಿ ಬೆವರುವುದು ಮತ್ತು ನಡುಗುವುದು, ಎರಡನ್ನೂ ಒಂದೇ ದಿನ ಅನುಭವಿಸಿದವನೆಂದರೆ ಹಳೆಯ ಕಾಲದ ಬೇಟೆಗಾರ. ಮಲೆನಾಡಿನ ಬೇಟೆಯಲ್ಲಿ ಎರಡು ಬಗೆಯ ಜನ ಇರುತ್ತಿದ್ದರು. ಹಳು ನುಗ್ಗಿ, ಕೂಗು ಹಾಕಿ ಪ್ರಾಣಿಯನ್ನು ಎಬ್ಬಿಸುವವರು ಒಂದು ಕಡೆ. ಅದು ಹಾಯ್ದು ಬರುವ ದಾರಿಯಲ್ಲಿ ಕೋವಿ ಹಿಡಿದು ಕಾದು ನಿಂತವರು ಇನ್ನೊಂದು ಕಡೆ. ಮೊದಲಿನವರಿಗೆ ಮೈಯೆಲ್ಲ ಬೆವರು. ಎರಡನೆಯವರು ಗಂಟೆಗಟ್ಟಲೆ ಕೆಮ್ಮುವಂತಿಲ್ಲ, ಅಲುಗುವಂತಿಲ್ಲ. ರಾತ್ರಿ ಮರದ ಮೇಲೆ ಅಟ್ಟಣೆ ಕಟ್ಟಿ ಮರಸು ಕೂರುವವನದಂತೂ ಇನ್ನೂ ಕಷ್ಟ. ಹಗಲು ಬೆಟ್ಟ ಹತ್ತಿ ಬಂದ ಒದ್ದೆ ಮೈಯಲ್ಲೇ ಇಡೀ ರಾತ್ರಿ ಮಂಜಿನಲ್ಲಿ ಕಳೆಯಬೇಕು.

ಬೇಟೆಗಾರ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನಮ್ಮ ಜಿಲ್ಲೆಯ ತ್ಯಾಗರ್ತಿಯ ಹುಲಿಗಳ ಮೇಲೆ ಒಂದು ಅಧ್ಯಾಯವೇ ಇದೆ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಆಂಡರ್ಸನ್ ಕನ್ನಡದ ಮನೆಮನೆಗೂ ಬಂದ. ಆ ಕಥೆಗಳಲ್ಲಿ ನಮ್ಮ ಗಮನ ಹುಲಿಯ ಮೇಲೆ ಇರುತ್ತದೆ. ಕೂತವನ ಮೈಮೇಲೆ ಏನಿತ್ತು ಎಂದು ಯಾರೂ ಕೇಳುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಾಲ ಮುಗಿಯಿತು. ಇವತ್ತು ಶೆಟ್ಟಿಹಳ್ಳಿ ಅಭಯಾರಣ್ಯದಲ್ಲೋ ಭದ್ರಾ ಹುಲಿ ಸಂರಕ್ಷಿತ ಪ್ರದೇಶದಲ್ಲೋ ಕೋವಿ ಹಿಡಿದು ಹೋದವನಿಗೆ ಕಾದಿರುವುದು ಜೈಲು. ಹೀಗಾಗಿ ಮಲೆನಾಡಿನಲ್ಲಿ ಬೇಟೆಯ ಬಟ್ಟೆ ಎಂಬ ಮಾತೇ ಅಪ್ರಸ್ತುತ. ಆದರೆ ಆ ಬೇಟೆಗಾರನ ಚಳಿಯ ಲೆಕ್ಕ ಈಗ ಬೇರೆಯವರ ಪಾಲಿಗೆ ಬಂದಿದೆ. ಕಳ್ಳಬೇಟೆ ತಡೆಯಲು ಕಾಡಿನೊಳಗಿನ ಶಿಬಿರಗಳಲ್ಲಿ ಇರುಳು ಗಸ್ತು ತಿರುಗುವ ಅರಣ್ಯ ವಾಚರುಗಳು, ಹಂದಿ ಬಾರದಂತೆ ಗದ್ದೆ ಕಾಯುವ ರೈತರು, ಹಕ್ಕಿಯ ಚಿತ್ರಕ್ಕೆ ಹೊಂಚು ಹಾಕುವ ಛಾಯಾಗ್ರಾಹಕರು, ಬೇಸಿಗೆ ರಜೆಯಲ್ಲಿ ಹಿಮಾಲಯಕ್ಕೆ ಹೊರಡುವ ಶಿವಮೊಗ್ಗ, ಭದ್ರಾವತಿಯ ಚಾರಣಿಗರು, ಎಲ್ಲರದೂ ಅದೇ ಪಾಡು: ನಡೆಯುವುದು, ಆಮೇಲೆ ನಿಲ್ಲುವುದು.

ಮೈಯೇ ಒಂದು ಒಲೆ

ಸುಮ್ಮನೆ ಕೂತ ದೊಡ್ಡವರ ದೇಹ ಸುಮಾರು 100 ವಾಟ್‌ನಷ್ಟು ಶಾಖ ಹೊರಹಾಕುತ್ತದೆ. ಬೆನ್ನಿಗೆ ಹೊರೆ ಹಾಕಿಕೊಂಡು ಏರು ಹತ್ತುವಾಗ ಇದು ಐದಾರು ಪಟ್ಟು ಹೆಚ್ಚುತ್ತದೆ. ಕೂತಾಗ ಬೇಕಾಗುವ ಬಟ್ಟೆಯನ್ನೇ ಹತ್ತುವಾಗಲೂ ಹಾಕಿಕೊಂಡರೆ ಒಳಗಿನ ಬಿಸಿ ಹೋಗುವುದೆಲ್ಲಿಗೆ? ದೇಹಕ್ಕೆ ಗೊತ್ತಿರುವ ಉಪಾಯ ಒಂದೇ, ಬೆವರುವುದು. ಒಂದು ಲೀಟರ್ ಬೆವರು ಆವಿಯಾಗಿ ಹೋಗಲು ಸುಮಾರು 580 ಕಿಲೊ ಕ್ಯಾಲೊರಿ ಶಾಖ ಬೇಕು. ಹತ್ತುವಾಗ ಇದು ವರ. ನಿಂತ ಮೇಲೂ ಬಟ್ಟೆಯಲ್ಲಿ ಉಳಿದ ಬೆವರು ಆವಿಯಾಗುತ್ತಲೇ ಇರುತ್ತದೆ, ಅದಕ್ಕೆ ಬೇಕಾದ ಶಾಖವನ್ನು ಮೈಯಿಂದಲೇ ಕೀಳುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಕ್ರಮವೇ ಇದು. ಇಲ್ಲಿ ಹೂಜಿ ನಾವು.

ಇದರ ಮೇಲೆ ಇನ್ನೊಂದು ಪೆಟ್ಟು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ತನ್ನ ಎಳೆಗಳಿಂದಲ್ಲ, ಎಳೆಗಳ ನಡುವೆ ಅಲುಗದೆ ನಿಂತ ಗಾಳಿಯಿಂದ. ಆ ಜಾಗಕ್ಕೆ ನೀರು ಬಂದು ಕೂತರೆ ದಪ್ಪ ಬಟ್ಟೆ ಇದ್ದೂ ಇಲ್ಲದಂತೆ.

ಹೀಗಾಗಿ ಬೆಟ್ಟದಲ್ಲಿ ಅಪಾಯ ಬರಲು ಹಿಮವೇ ಬೀಳಬೇಕಿಲ್ಲ. ಹತ್ತು ಹದಿನೈದು ಡಿಗ್ರಿಯಲ್ಲೂ ಮೈ ಒದ್ದೆಯಾಗಿ, ಗಾಳಿ ಬೀಸಿ, ಹೊಟ್ಟೆ ಖಾಲಿಯಿದ್ದರೆ ದೇಹದೊಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿಯಬಹುದು. ಮೊದಲು ನಡುಕ, ಆಮೇಲೆ ಬೆರಳಿಗೆ ಗುಂಡಿ ಹಾಕಲು ಬಾರದು, ಮಾತು ತೊದಲುತ್ತದೆ. ಜೊತೆಗಿರುವವರು ‘ಸುಸ್ತಾಗಿದೆ ಬಿಡು’ ಎನ್ನುವ ಹಂತ ಇದೇ. ಅಲ್ಲಿ ಬೇಕಾದದ್ದು ಒಣ ಬಟ್ಟೆ, ಗಾಳಿಗೆ ಮರೆ, ಬಿಸಿ ಸಿಹಿ ಪಾನೀಯ. ನಡುಗುತ್ತಿದ್ದವನ ನಡುಕ ಮೈ ಬೆಚ್ಚಗಾಗದೆಯೇ ನಿಂತು ಮಂಕಾದರೆ ತಕ್ಷಣ ವೈದ್ಯರು.

ಮೈಗೆ ತಾಗುವ ಬಟ್ಟೆ

ಒಂದೇ ದಪ್ಪ ಬಟ್ಟೆಯ ಬದಲು ಮೂರು ತೆಳು ಪದರ ಎಂಬ ಯೋಚನೆ ಹುಟ್ಟಿದ್ದು ಈ ಲೆಕ್ಕದಿಂದಲೇ. ಒಳಗಿನದು ಬೆವರನ್ನು ಮೈಯಿಂದ ಆಚೆ ಸಾಗಿಸಬೇಕು, ನಡುವಿನದು ಗಾಳಿಯನ್ನು ಹಿಡಿದಿಡಬೇಕು, ಹೊರಗಿನದು ಬೀಸುಗಾಳಿ ಮತ್ತು ಮಳೆ ತಡೆಯಬೇಕು. ಹತ್ತುವಾಗ ಕಳಚುತ್ತಾ, ನಿಂತಾಗ ಏರಿಸುತ್ತಾ ಹೋಗುವುದು.

ಮೂರರಲ್ಲಿ ಮುಖ್ಯವಾದದ್ದು ಒಳಗಿನದು. ಅಂಗಡಿಯಲ್ಲಿ ನಾವು ಕೊನೆಗೆ ಯೋಚಿಸುವುದೂ ಅದನ್ನೇ. ನಮ್ಮ ಹತ್ತಿಯ ಬನಿಯನ್ನು ಮಾರ್ಚ್ ತಿಂಗಳ ಶಿವಮೊಗ್ಗಕ್ಕೆ ಹೇಳಿ ಮಾಡಿಸಿದ್ದು. ನೀರು ಕುಡಿಯುತ್ತದೆ, ನಿಧಾನವಾಗಿ ಒಣಗುತ್ತದೆ, ಅಷ್ಟು ಹೊತ್ತೂ ಮೈ ತಂಪು. ಸೆಕೆಗೆ ಒದಗಿದ ಆ ಗುಣವೇ ಚಳಿಯ ಬೆಟ್ಟದಲ್ಲಿ ಮುಳುವಾಗುತ್ತದೆ. ಪಾಲಿಯೆಸ್ಟರ್ ಎಳೆ ತನ್ನ ತೂಕದ ಶೇ 1ರಷ್ಟು ತೇವವನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಹಾಗಾಗಿ ಬೇಗ ಒಣಗುತ್ತದೆ. ಆಟದ ಬಟ್ಟೆ ಮಾರುವ ಯಾವುದೇ ಅಂಗಡಿಯ ಜೆರ್ಸಿ ಈ ಕೆಲಸಕ್ಕೆ ಸಾಕು. ಅದರ ದೋಷ ವಾಸನೆ. ಎರಡನೇ ದಿನಕ್ಕೆ ಟೆಂಟಿನಲ್ಲಿ ಪಕ್ಕದವರು ದೂರ ಸರಿಯುತ್ತಾರೆ.

ಉಣ್ಣೆಯದು ಬೇರೆಯೇ ಜಾತಿ. ತನ್ನ ತೂಕದ ಶೇ 30ರವರೆಗೆ ತೇವವನ್ನು ಎಳೆಯೊಳಗೆ ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಹೀರಿಕೊಳ್ಳುವಾಗ ಒಂದಿಷ್ಟು ಶಾಖವನ್ನೂ ಕೊಡುತ್ತದೆ. ಹಾಗಾದರೆ ನಮ್ಮ ಕಂಬಳಿಯ ಉಣ್ಣೆಯಲ್ಲೇ ಬನಿಯನ್ನು ಹೊಲಿಸಬಹುದಲ್ಲ? ಆಗದು. ಎಳೆಯ ದಪ್ಪ ಸುಮಾರು 30 ಮೈಕ್ರಾನ್ ದಾಟಿದರೆ ಚರ್ಮಕ್ಕೆ ಚುಚ್ಚುತ್ತದೆ. ಕಂಬಳಿಗೆ ಬಳಸುವ ದಖ್ಖನಿ ಕುರಿಯ ಒರಟು ಉಣ್ಣೆ ಆ ಗಡಿಯ ಆಚೆಗಿದೆ. ಮೆರಿನೊ ಕುರಿಯದು 24ಕ್ಕಿಂತ ಕೆಳಗೆ. ಮೆರಿನೊ ಒಳ ಅಂಗಿಯ ಬೆಲೆ ಕೇಳಿದರೆ ಅಂಗಡಿಯಲ್ಲೇ ಬೆವರು ಬರುತ್ತದೆ ಎಂಬುದೂ ನಿಜ.

ಬನಿಯನ್ನಿನ ಇತಿಹಾಸದಲ್ಲಿ ನನಗೆ ಇಷ್ಟವಾದ ಪ್ರಸಂಗ ನಾರ್ವೆಯದು. 1933ರಲ್ಲಿ ಅಲ್ಲಿನ ಸೇನಾಧಿಕಾರಿ ಹೆನ್ರಿಕ್ ಬ್ರುನ್ ಮೀನಿನ ಬಲೆಯಿಂದ ಒಳ ಅಂಗಿ ಹೊಲಿಸಿದ. ಬರೀ ತೂತು! ಮೇಲೊಂದು ಅಂಗಿ ಹಾಕಿದರೆ ಆ ತೂತುಗಳಲ್ಲಿ ಗಾಳಿ ನಿಲ್ಲುತ್ತದೆ, ಬೆವರು ಹತ್ತಿಕೊಳ್ಳಲು ಬಟ್ಟೆಯೇ ಕಡಿಮೆ. 1953ರಲ್ಲಿ ಎವರೆಸ್ಟ್ ಹತ್ತಿದ ತಂಡದ ಸಾಮಾನಿನಲ್ಲೂ ಇಂಥ ಬಲೆ ಬನಿಯನ್ನು ಇತ್ತು.

ನಡುವಿನ ಪದರ

ಚಳಿಗಾಲ ಬಂತೆಂದರೆ ನಮ್ಮ ಊರುಗಳ ರಸ್ತೆ ಬದಿಯಲ್ಲಿ ಟಿಬೆಟನ್ನರ ಸ್ವೆಟರ್ ಅಂಗಡಿಗಳು ಏಳುತ್ತವೆ. ಅಲ್ಲಿನ ಮಾಲು ಬಹುತೇಕ ಲೂಧಿಯಾನದಿಂದ ಬಂದದ್ದು, ಬಹುಪಾಲು ಉಣ್ಣೆಯಲ್ಲ, ಅಕ್ರಿಲಿಕ್. ತೆಗಳಬೇಕಿಲ್ಲ. ಬೇಗ ಒಣಗುತ್ತದೆ, ಅಗ್ಗ. ನಡುವಿನ ಪದರಕ್ಕೆ ಅದು ಆಗುತ್ತದೆ, ಒಳಗೆ ಹತ್ತಿ ಇರಬಾರದು ಅಷ್ಟೆ. 1980ರ ಆಸುಪಾಸಿನಲ್ಲಿ ಅಮೆರಿಕದ ಮಾಲ್ಡನ್ ಮಿಲ್ಸ್ ತಂದ ಫ್ಲೀಸ್ ಬಟ್ಟೆ ಇದಕ್ಕಿಂತ ಹಗುರ. ಇವತ್ತು ಎಲ್ಲ ಚಾರಣಿಗರ ಚೀಲದಲ್ಲೂ ಇರುವುದು ಅದೇ.

ಎಲ್ಲಕ್ಕಿಂತ ಬೆಚ್ಚಗಿನದು ಬಾತುಕೋಳಿಯ ಎದೆಯ ಮೆದುಗರಿ ತುಂಬಿದ ಜಾಕೆಟ್. 1922ರ ಎವರೆಸ್ಟ್ ಯಾತ್ರೆಗೆ ಜಾರ್ಜ್ ಫಿಂಚ್ ಬಲೂನಿನ ಬಟ್ಟೆಯೊಳಗೆ ಗರಿ ತುಂಬಿಸಿ ಕೋಟು ಹೊಲಿಸಿಕೊಂಡು ಹೋದಾಗ, ಟ್ವೀಡ್ ಕೋಟಿನ ಜೊತೆಗಾರರು ನಕ್ಕಿದ್ದರು. ಮೇಲೆ ಹೋದಂತೆ ನಗು ಹೊಟ್ಟೆಕಿಚ್ಚಾಯಿತು. ಆದರೆ ಗರಿ ಒದ್ದೆಯಾದರೆ ಮುದ್ದೆ. ಮಲೆನಾಡಿನ ಮಂಜು, ಸೋನೆಯಲ್ಲಿ ಅದನ್ನು ತೊಡುವುದು ದುಡ್ಡನ್ನು ನೀರಿಗೆ ಹಾಕಿದ ಹಾಗೆಯೇ ಸರಿ. ಹಿಮಾಲಯದ ಒಣ ಚಳಿಗೆ ಮಾತ್ರ ಅದು ಒಪ್ಪುತ್ತದೆ.

ಅಂದಹಾಗೆ, ಹಳೆಯ ಕಾಲದವರಿಗೆ ಪದರದ ಲೆಕ್ಕ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. 1924ರಲ್ಲಿ ಎವರೆಸ್ಟ್‌ನಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಾಗ ಮೈಮೇಲೆ ರೇಷ್ಮೆ, ಹತ್ತಿ, ಉಣ್ಣೆಯ ಹಲವು ಪದರಗಳಿದ್ದವು, ಹೊರಗೆ ಗ್ಯಾಬರ್ಡಿನ್. ಅದೇ ನಮೂನೆಯನ್ನು ಮತ್ತೆ ಹೊಲಿಸಿ 2006ರಲ್ಲಿ ಅದೇ ಬೆಟ್ಟದ ಮೇಲೆ ತೊಟ್ಟು ನೋಡಿದವರಿಗೆ ಅದು ಹಗುರವೂ ಓಡಾಟಕ್ಕೆ ಸಲೀಸೂ ಅನ್ನಿಸಿತು.

ಕೊಪ್ಪೆಯ ಜಾಣ್ಮೆ

ಈಗ ಹೊರಪದರ. ಇಲ್ಲಿ ಮಲೆನಾಡಿಗೆ ಹೇಳಲು ತನ್ನದೇ ಮಾತಿದೆ. ಕಂಬಳಿಯ ಒಂದು ಮೂಲೆಯನ್ನು ಒಳಗೆ ಮಡಚಿ ತಲೆಗೆ ಕೊಪ್ಪೆ ಮಾಡಿಕೊಂಡು ಬೆನ್ನ ಮೇಲೆ ಇಳಿಬಿಟ್ಟರೆ ಗದ್ದೆ ಕೆಲಸಕ್ಕೂ ಆಯಿತು, ಕಾಡಿಗೂ ಆಯಿತು, ರಾತ್ರಿ ಹೊದೆಯಲಿಕ್ಕೂ ಆಯಿತು. ಕುವೆಂಪು ಕಾದಂಬರಿಗಳ ಮಳೆಯಲ್ಲಿ ಓಡಾಡುವ ಆಳುಮಕ್ಕಳ ತಲೆಯ ಮೇಲಿರುವುದು ಇದೇ.

ಕುರುಬರು ನೇಯುವ ಈ ಕಂಬಳಿಗೆ ಚಳ್ಳಕೆರೆಯ ಸಂತೆ ಹೆಸರುವಾಸಿ. ನೂಲಿಗೆ ಹುಣಸೆ ಬೀಜದ ಸರಿ ಹಚ್ಚಿ ಗಡುಸು ಮಾಡುತ್ತಾರೆ. ಉಣ್ಣೆಯ ಸಹಜ ಜಿಡ್ಡು, ಒತ್ತಾದ ನೇಯ್ಗೆ ಎರಡೂ ಸೇರಿ ಸಣ್ಣ ಮಳೆಯ ನೀರು ಮೇಲಿಂದಲೇ ಜಾರಿಹೋಗುತ್ತದೆ. ಜಡಿಮಳೆಯಲ್ಲಿ ನೆನೆದು ಭಾರವಾಗುವುದು ಖರೆ, ಆದರೆ ನೆಂದ ಕಂಬಳಿಯೊಳಗೂ ಮೈ ಪೂರ್ತಿ ತಣ್ಣಗಾಗುವುದಿಲ್ಲ. ಕೊಪ್ಪೆಯ ನಿಜವಾದ ಜಾಣ್ಮೆ ಇರುವುದು ಅದರ ತೆರೆದ ಮುಂಭಾಗದಲ್ಲಿ. ಮೇಲಿಂದ ಮಳೆ ಬರುವುದಿಲ್ಲ, ಮುಂದಿನಿಂದ ಬೆವರಿನ ಆವಿ ಹೊರಗೆ ಹೋಗುತ್ತದೆ. ಅದರಡಿಯಲ್ಲಿ ಅಂಗಿಯನ್ನೇ ಹಾಕದೆ ದುಡಿಯುತ್ತಿದ್ದವರ ಮೈಮೇಲೆ ಒದ್ದೆಯಾಗಿ ಅಂಟಿಕೊಳ್ಳಲು ಬಟ್ಟೆಯೇ ಇರಲಿಲ್ಲ.

ಇದಕ್ಕೆ ಎದುರು ಇಂದಿನ ದುಬಾರಿ ಮಳೆ ಜಾಕೆಟ್ಟುಗಳನ್ನು ಇಟ್ಟು ನೋಡಿ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ವಸ್ತುವನ್ನು ಜೋರಾಗಿ ಹಿಗ್ಗಿಸಿದಾಗ ಸೂಕ್ಷ್ಮ ರಂಧ್ರಗಳ ಪೊರೆ ಸಿಕ್ಕಿತು. ನೀರಿನ ಹನಿ ಒಳಗೆ ನುಗ್ಗಲಾರದು, ಆವಿ ಹೊರಗೆ ಹೋಗಬಲ್ಲದು. ಗೋರ್‌ಟೆಕ್ಸ್ ಎಂಬ ಹೆಸರಿನ ಗುಟ್ಟು ಇಷ್ಟೆ. ಆದರೆ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿಯಲ್ಲಿ ಅದಕ್ಕೆ ಜಾಗ ಬೇಕು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಜುಲೈನಲ್ಲಿ, ಗಾಳಿಯೇ ತೇವದಿಂದ ತುಂಬಿ ತುಳುಕುವಾಗ, ಎಂಥ ಪೊರೆಯೂ ಉಸಿರಾಡಲು ತಿಣುಕುತ್ತದೆ. ಒಳಗಿನಿಂದಲೇ ಒದ್ದೆಯಾಗಿ, ಜಾಕೆಟ್ ಸೋರುತ್ತಿದೆ ಎಂದು ಅಂಗಡಿಯವನನ್ನು ಬೈಯುವವರಿದ್ದಾರೆ. ಮಳೆಗಾಲದ ಮಲೆನಾಡಿಗೆ ಸಡಿಲವಾದ, ಕಂಕುಳಲ್ಲಿ ಜಿಪ್ಪಿರುವ ಅಥವಾ ಕೊಪ್ಪೆಯಂತೆ ಇಳಿಬಿಡುವ ಸಾದಾ ರೇನ್‌ಕೋಟೇ ಲೇಸು ಎಂಬುದು ನನ್ನ ಅಭಿಪ್ರಾಯ.

ಸದ್ದು, ಬಣ್ಣ, ಕಿಡಿ

ಬೇಟೆ ಇಂದಿಗೂ ಕಾನೂನುಬದ್ಧವಾಗಿರುವ ದೇಶಗಳಲ್ಲಿ ಬಟ್ಟೆಯ ಲೆಕ್ಕಕ್ಕೆ ಇನ್ನೂ ಕೆಲವು ಸೇರುತ್ತವೆ. ನ್ಯೂಜಿಲೆಂಡಿನ ಹಿಮಬೆಟ್ಟಗಳಲ್ಲಿ ಬೇಟೆಗಾರರು ಬೆನ್ನುಹತ್ತುವುದು ನಮ್ಮ ಹಿಮಾಲಯದ ಥಾರ್ ಎಂಬ ಕಾಡುಮೇಕೆಯನ್ನೇ. 1904ರಲ್ಲಿ ಅಲ್ಲಿ ಬಿಟ್ಟ ಕೆಲವೇ ಮೇಕೆಗಳು ಈಗ ಆ ನಾಡಿಗೆ ಕಾಟವಾಗುವಷ್ಟು ಹೆಚ್ಚಿವೆ. ಅಂಥ ಕಡೆ ನೈಲಾನ್ ಜಾಕೆಟ್ಟಿನ ಸರಬರ ಸದ್ದೇ ಬೇಟೆ ಕೆಡಿಸುತ್ತದೆ. ಮುಳ್ಳಿಗೆ ತಾಗಿದರೂ ಸದ್ದು ಮಾಡದ ಉಣ್ಣೆ, ಫ್ಲೀಸ್‌ಗೆ ಅದಕ್ಕೇ ಬೆಲೆ. ಕಂಬಳಿ ಹೊದ್ದು ಮರಸು ಕೂತವನಿಗೆ ಈ ಅನುಕೂಲ ಪುಕ್ಕಟೆಯಾಗಿಯೇ ಸಿಕ್ಕಿತ್ತು.

ಅಮೆರಿಕದ ಕೊಲರಾಡೊದಲ್ಲಿ ಬಂದೂಕಿನಿಂದ ದೊಡ್ಡ ಪ್ರಾಣಿಗಳ ಬೇಟೆಗೆ ಹೋಗುವವರು 500 ಚದರ ಇಂಚಿನಷ್ಟು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ ತೊಡುವುದು ಕಡ್ಡಾಯ. ಅಷ್ಟು ಕಣ್ಣಿಗೆ ಹೊಡೆಯುವ ಬಣ್ಣ ಏಕೆಂದರೆ ಇನ್ನೊಬ್ಬ ಬೇಟೆಗಾರ ಪ್ರಾಣಿಯೆಂದು ತಪ್ಪು ತಿಳಿಯಬಾರದು. ಜಿಂಕೆಯ ಕಣ್ಣಿಗೆ ಕಿತ್ತಳೆ ಮಂಕು ಬಣ್ಣವಾಗಿ ಕಾಣುತ್ತದೆ, ನೀಲಿ ಚೆನ್ನಾಗಿ ಕಾಣುತ್ತದೆ. ಹೀಗಾಗಿ ಭದ್ರಾ ಕಾಡಂಚಿನಲ್ಲಿ ಕ್ಯಾಮೆರಾ ಹಿಡಿದು ಕೂರುವವರಿಗೆ ನೀಲಿ ಜೀನ್ಸ್ ಎರಡು ರೀತಿಯಲ್ಲಿ ಕೆಟ್ಟದ್ದು: ಜಿಂಕೆಗೆ ಕಾಣುತ್ತದೆ, ಇಬ್ಬನಿಗೆ ನೆಂದರೆ ಮಧ್ಯಾಹ್ನದವರೆಗೂ ಒಣಗುವುದಿಲ್ಲ.

ಬೆಂಕಿಯ ವಿಷಯ ಉಕ್ಕಿನ ಕಾರ್ಖಾನೆಯ ಊರಾದ ಭದ್ರಾವತಿಯವರಿಗೆ ಹೇಳಬೇಕಿಲ್ಲ. ಕರಗಿದ ಕಬ್ಬಿಣದ ಬಳಿ ಪಾಲಿಯೆಸ್ಟರ್ ತೊಡಬಾರದು ಎಂಬುದು ಉಕ್ಕಿನ ಕೆಲಸದ ಮೊದಲ ಪಾಠಗಳಲ್ಲೊಂದು. ಅದು ಉರಿಯುವುದಕ್ಕೆ ಮೊದಲು ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಕರಕಲಾಗಿ ತಾನೇ ಆರುತ್ತದೆ. ಕ್ಯಾಂಪಿನ ಬೆಂಕಿಯ ಕಿಡಿಗೆ ಫ್ಲೀಸ್ ತೂತು ಬೀಳುವುದೂ ಇದೇ ಕಾರಣಕ್ಕೆ.

ಯಾವ ಬೆಟ್ಟಕ್ಕೆ ಎಷ್ಟು

ಪ್ರತಿ ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ ಎಂದು ಹಿಡಿಯಿರಿ. ಭದ್ರಾವತಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. 1923ರಲ್ಲಿ ಕಬ್ಬಿಣ ತೆಗೆಯತೊಡಗಿದ ಇಲ್ಲಿನ ಕಾರ್ಖಾನೆಗೆ ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ, ಅದರ ಎತ್ತರ 1,434 ಮೀಟರ್. ಎರಡರ ನಡುವೆ ಐದು ಡಿಗ್ರಿಗಿಂತ ಸ್ವಲ್ಪ ಹೆಚ್ಚಿನ ಅಂತರ. ಶಿವಮೊಗ್ಗದಿಂದ ಕೊಡಚಾದ್ರಿಗೂ ಹೆಚ್ಚುಕಡಿಮೆ ಅಷ್ಟೇ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಗೆ ಎಂಟೂವರೆ ಡಿಗ್ರಿ. ಊರಲ್ಲಿ ಬೆಳಗ್ಗೆ 15 ಡಿಗ್ರಿ ಇದ್ದರೆ ಅಲ್ಲಿ ಆರೇಳು. ಬಯಲಾದ ನೆತ್ತಿಯಲ್ಲಿ ಗಾಳಿ ಬೀಸಿದರೆ ಮೈಗೆ ಇನ್ನೂ ಕಡಿಮೆ ಅನ್ನಿಸುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ಮಾತ್ರ ಲೆಕ್ಕ ತಿರುವುಮುರುವು: ತಂಪು ಗಾಳಿ ಭಾರವಾಗಿ ಇಳಿದು ಕಣಿವೆಯಲ್ಲಿ ನಿಲ್ಲುತ್ತದೆ, ಗುಡ್ಡದ ಸೊಂಟವೇ ಬೆಚ್ಚಗಿರುತ್ತದೆ. ಟೆಂಟು ಹಾಕುವವರು ಹಳ್ಳದ ದಂಡೆ ಬಿಟ್ಟು ಸ್ವಲ್ಪ ಮೇಲೆ ಹಾಕುವುದು ಇದಕ್ಕೇ.

ನಮ್ಮ ಬೆಟ್ಟಗಳಿಗೆ ಬೇಗ ಒಣಗುವ ಒಳ ಅಂಗಿ, ಒಂದು ಸ್ವೆಟರ್ ಅಥವಾ ಫ್ಲೀಸ್, ಗಾಳಿ ತಡೆಯುವ ತೆಳು ಜಾಕೆಟ್ ಸಾಕು. ದಪ್ಪ ಜರ್ಕಿನ್ ಬೇಡವೇ ಬೇಡ. ಕಸೋಲ್‌ನಿಂದ ಏರುವ, 4,200 ಮೀಟರಿನ ಸರ್ ಪಾಸ್‌ನಂಥ ಕಡೆ ಹೋಗುವವರಿಗೆ ಊರಿನೊಂದಿಗೆ ಇಪ್ಪತ್ತು ಡಿಗ್ರಿಗೂ ಹೆಚ್ಚಿನ ಅಂತರವಿರುತ್ತದೆ. ಅವರ ಚೀಲದಲ್ಲಿ ಇನ್ನೊಂದು ದಪ್ಪ ಪದರ ಇರಲೇಬೇಕು. ಅದು ನಡೆಯುವಾಗ ತೊಡಲು ಅಲ್ಲ. ನಿಂತ ಐದು ನಿಮಿಷದೊಳಗೆ, ಚಳಿ ಹತ್ತುವ ಮೊದಲೇ, ಮೇಲೆ ಹಾಕಿಕೊಳ್ಳಲು.

ಹೊರಡುವಾಗ ಸ್ವಲ್ಪ ಚಳಿ ಅನ್ನಿಸುತ್ತಿರಬೇಕು. ಬೆಚ್ಚಗಿದ್ದರೆ ಬಟ್ಟೆ ಹೆಚ್ಚಾಯಿತು ಎಂದರ್ಥ. ಗಂಟೆಗಟ್ಟಲೆ ಒಂದೇ ಕಡೆ ಕೂರಬೇಕಾದವರು ಒಣ ಒಳ ಅಂಗಿಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಯ್ದು, ಕೂರುವ ಜಾಗ ತಲುಪಿದ ಕೂಡಲೇ ಬದಲಿಸಬೇಕು. ಚಳಿಯಲ್ಲಿ ಅಂಗಿ ಬಿಚ್ಚುವ ಆ ಅರ್ಧ ನಿಮಿಷಕ್ಕೆ ಹೆದರಿ ಅನೇಕರು ಇಡೀ ರಾತ್ರಿ ನಡುಗುತ್ತಾರೆ.

ಕಾಲಿಗೂ ಇದೇ ನ್ಯಾಯ: ಉಣ್ಣೆ ಮಿಶ್ರಿತ ಕಾಲುಚೀಲ, ಬಿಗಿಯಾಗದ ಬೂಟು. ಎರಡು ಜೊತೆ ಕಾಲುಚೀಲ ತುರುಕಿ ಬೂಟು ಬಿಗಿಯಾದರೆ ರಕ್ತದೋಟ ಕುಂದಿ ಬೆರಳು ಇನ್ನಷ್ಟು ತಣ್ಣಗಾಗುತ್ತವೆ. ಉಂಬಳದ ಕಾಲದಲ್ಲಿ ಮೊಣಕಾಲವರೆಗಿನ ಒತ್ತು ನೇಯ್ಗೆಯ ಕಾಲುಚೀಲ ಬೇರೆ ಬೇಕು.

ಕಿಸೆ ನೋಡಿಕೊಂಡು

ಹಿಮಾಲಯಕ್ಕೆ ಜೀವಮಾನದಲ್ಲಿ ಒಮ್ಮೆ ಹೋಗುವವರು ಗರಿಯ ಜಾಕೆಟ್ ಕೊಳ್ಳಬೇಕಾಗಿಲ್ಲ. ಮನಾಲಿಯಂಥ ಊರುಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಬಾಡಿಗೆಗೆ ತರಲಾಗದ್ದು ಒಳ ಅಂಗಿ ಮತ್ತು ಕಾಲುಚೀಲ. ದುಡ್ಡು ಮೊದಲು ಹೋಗಬೇಕಾದ್ದು ಅವಕ್ಕೆ, ಹೊರ ಜಾಕೆಟ್ಟಿನ ಬ್ರ್ಯಾಂಡು ಆಮೇಲೆ.

ಕೊಂಡದ್ದನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ಶಿವಮೊಗ್ಗದವರಿಗೆ ಗುಡ್ಡೇಕಲ್ಲಿನ ಮೆಟ್ಟಿಲುಗಳಿವೆ. ಜನವರಿಯ ಮುಂಜಾನೆ ತುಂಬಿದ ಚೀಲ ಹೊತ್ತು ನಾಲ್ಕಾರು ಸಲ ಹತ್ತಿ ಇಳಿದು, ಮೇಲೆ ಗಾಳಿಗೆ ಮೈಯೊಡ್ಡಿ ಕಾಲು ಗಂಟೆ ಅಲುಗದೆ ಕೂತು ನೋಡಿ. ಬೆನ್ನು ಒದ್ದೆಯಾಗಿ ನಡುಕ ಬಂದರೆ ಒಳಗಿನ ಬಟ್ಟೆ ಬದಲಾಗಬೇಕು. ಹಾಗೆ ನಡುಗುವುದಿದ್ದರೆ, ಬಿಸಿನೀರಿನ ಹಂಡೆ ಇರುವ ಮನೆಗೆ ಆಟೋ ಸಿಗುವ ಊರಲ್ಲೇ ನಡುಗುವುದು ಮೇಲು.